ಪಂಜಾಬಿ ನಾಟಕಕಾರ ಬಲವಂತ ಗಾರ್ಗಿ

ನವೆಂಬರ್ ಒಂದನೆಯ ತಾರೀಖು ಕನ್ನಡಿಗರೆಲ್ಲರಿಗೂ ಹಬ್ಬದ ದಿನವೆಂಬುದನ್ನು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಿಗೆ ಹೇಳಬೇಕಾಗಿಲ್ಲ. ೧೯೫೬ರ ಆ ದಿನ, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಬಹುಮಟ್ಟಿಗೆ ಒಂದಾಯಿತು. ಅದೇ ದಿನ ಆಂಧ್ರ ಪ್ರದೇಶವೂ ಉದಯಿಸಿತು. ಅದೇ ದಿನ ಹೈದರಾಬಾದು ಸಂಸ್ಥಾನವೆಂಬುದು ಭೂಪಟದಿಂದ ಅಳಿಸಿಹೋಯಿತು. ಬೀದರ, ಕಲಬುರ್ಗಿ, ರಾಯಚೂರು ಆ ಕಡೆ ಹೋದವು, ನಾವು ಈ ಕಡೆ ಉಳಿದೆವು. ಇದೆಲ್ಲ ನಮಗೆ ಬಾಯಿಪಾಠವಾದ ಸಂಗತಿ. ಆದರೆ ಇದೇ ತಾರೀಖು ಸರಿಯಾಗಿ ಹತ್ತು ವರ್ಷಗಳ ತರುವಾಯ, ೧೯೬೬ರಲ್ಲಿ, ಇನ್ನೊಂದು ಭಾಷೆಯವರಿಗೂ ತಮ್ಮದೆಂಬ ರಾಜ್ಯವನ್ನು ತಂದುಕೊಟ್ಟಿತೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಅದು ಪಂಜಾಬಿ ಭಾಷೆ. ನಮ್ಮ ರಾಜ್ಯೋತ್ಸವವೂ ಅವರ ರಾಜ್ಯದ ಹುಟ್ಟುಹಬ್ಬವೂ ಒಂದೇ ದಿನ.

ಹಾಗಾದರೂ ಕನ್ನಡ ಸಂಘದ ಸಂಚಿಕೆಯಲ್ಲಿ ಪಂಜಾಬಿ ನಾಟಕಕಾರನೊಬ್ಬನ ಚರಿತ್ರೆ ಏಕೆಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಪಂಜಾಬು ನಮಗೆ ದೂರದ ದೇಶ ಹೌದು. ಆದರೆ ಅಪರಿಚಿತ ದೇಶವಲ್ಲ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದು, ಉಪ್ಪುನೀರಿನ ಆ ಊರಿನಲ್ಲಿ ಸಿಹಿನೀರಿನ ಝರಿಯನ್ನು ಚಿಮ್ಮಿಸಿದರೆಂಬುದು ಪ್ರತೀತಿ. ನಾನಕ ಝೀರಾ ಇಂದಿಗೂ ಹರಿಯುತ್ತಿದೆ. ೧೬೯೯ರಲ್ಲಿ ಗುರು ಗೋವಿಂದಸಿಂಹರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಕೊಡಲು ಮುಂದೆ ಬಂದ ಐವರಲ್ಲಿ ಒಬ್ಬನು, ಭಾಯಿ ಸಾಹಿಬ್ ಸಿಂಗ್, ಬೀದರಿನವನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಇನ್ನು ಈ ನಮ್ಮ ಊರಿಗೇ ಬಂದರೆ, ೧೮೩೦ರ ಸುಮಾರಿಗೆ, ಪಂಜಾಬಿ ಖತ್ರಿ ಮನೆತನದ ಮಹಾರಾಜ ಚಂದೂಲಾಲನು ನಿಜಾಮನ ಆಡಳಿತ ನಡೆಸುತ್ತಿದ್ದ ಕಾಲದಲ್ಲಿ, ರಣಜಿತಸಿಂಹನ ಲಾಹೋರಿನಿಂದ ಸಿಖ್ಖರ ಪಡೆಯೊಂದು ಇಲ್ಲಿಗೆ ಬಂತು. ಅವರು ಬೀಡುಬಿಟ್ಟದ್ದು ಅತ್ತಾಪುರದ ಬಳಿಯ ಬರಂಬಾಲೆಯಲ್ಲಿ. ಬಂದವರು ಹಿಂದಿರುಗಲಿಲ್ಲ. ಅವರ ಸಂತತಿಯವರನ್ನು ದಖನಿ ಸಿಖ್ಖರೆಂದು ಕರೆಯುವುದುಂಟು. ಗುರುದ್ವಾರದಲ್ಲಿ ಗುರುಮುಖಿ ಓದುವ ಅವರು ಬೀದಿಯಲ್ಲಿ ನಮ್ಮಂತೆಯೇ ದಖನಿ ಉರ್ದುವನ್ನೂ ತೆಲುಗನ್ನೂ ಆಡುತ್ತಾರೆ. ತಾಯ್ನುಡಿಯನ್ನು ಮನೆಯೊಳಗೆ ಇಟ್ಟುಕೊಂಡು ಹೊರಗೆ ಬೇರೆಯವರ ನುಡಿಯಲ್ಲಿ ಬದುಕುವ ವಿದ್ಯೆ ಅವರಿಗೂ ಗೊತ್ತು, ನಮಗೂ ಗೊತ್ತು.

ಈ ವಿದ್ಯೆಯನ್ನೇ ಕುರಿತು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಅದರ ಬೋಧನೆ ಉರ್ದುವಿನಲ್ಲಿ. ಒಂದು ಭಾರತೀಯ ಭಾಷೆಯಲ್ಲಿ ವೈದ್ಯಶಾಸ್ತ್ರ, ಗಣಿತಗಳನ್ನೆಲ್ಲ ಕಲಿಸಿದ ಆ ಸಾಹಸ ಚಿಕ್ಕದಲ್ಲ. ಆದರೆ ರಾಯಚೂರಿನ ಹುಡುಗನಿಗೆ ಅದು ತಾಯಿಯ ಭಾಷೆಯಾಗಿರಲಿಲ್ಲ. ಕಚೇರಿಗೆ ಉರ್ದು, ಮೇಲಿನ ಓದಿಗೆ ಉರ್ದು, ಕನ್ನಡವೇನಿದ್ದರೂ ಅಡಿಗೆಮನೆಗೆ ಮತ್ತು ದೇವರಮನೆಗೆ. ಅಂಥ ಕಾಲದಲ್ಲಿಯೇ, ೧೯೪೧ರಲ್ಲಿ, ಈ ನಗರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತೆಂಬುದನ್ನು ನೆನೆದರೆ ಅಂದಿನ ಹಿರಿಯರ ಧೈರ್ಯಕ್ಕೆ ತಲೆಬಾಗಬೇಕೆನ್ನಿಸುತ್ತದೆ. ಅಧ್ಯಕ್ಷತೆ ವಹಿಸಿದ್ದವರು ಎ. ಆರ್. ಕೃಷ್ಣಶಾಸ್ತ್ರಿಗಳು, ‘ಸಂಸ್ಕೃತ ನಾಟಕ’ವೆಂಬ ಗ್ರಂಥವನ್ನು ಬರೆದು ನಾಟಕವೆಂದರೇನೆಂಬುದನ್ನು ಕನ್ನಡಿಗರಿಗೆ ಶಾಸ್ತ್ರಶುದ್ಧವಾಗಿ ತಿಳಿಸಿಕೊಟ್ಟವರು.

ಆ ಕಾಲದ ಲಾಹೋರಿನ ಸ್ಥಿತಿಯನ್ನು ನೋಡಿದರೆ ಹೈದರಾಬಾದಿನ ಕನ್ನಡಿ ನೋಡಿದಂತಾಗುತ್ತದೆ. ಅಲ್ಲಿಯೂ ಕೆಳಗಿನ ಕಚೇರಿಗೆ ಉರ್ದು, ಕಾಲೇಜಿಗೆ ಇಂಗ್ಲೀಷು. ಓದಿದ ಪಂಜಾಬಿಯು ಕವಿತೆ ಬರೆದರೆ ಉರ್ದುವಿನಲ್ಲಿ ಬರೆದನು, ಕಾಗದ ಬರೆದರೆ ಇಂಗ್ಲೀಷಿನಲ್ಲಿ ಬರೆದನು. ಪಂಜಾಬಿ ಎಂಬುದು ಹೆಂಗಸರ, ಒಕ್ಕಲಿಗರ, ಆಳುಕಾಳುಗಳ ಮಾತು. ಫರೀದ್, ನಾನಕ, ಬುಲ್ಲೇಷಾ, ವಾರಿಸ್ ಷಾ ಮೊದಲಾದ ಮಹಾನುಭಾವರ ಕಾವ್ಯವನ್ನು ಹೊತ್ತ ನುಡಿಗೆ ವಿದ್ಯಾವಂತರ ಪಡಸಾಲೆಯಲ್ಲಿ ಕುಳಿತುಕೊಳ್ಳಲು ಮಣೆಯಿರಲಿಲ್ಲ. ನಟ ಬಲರಾಜ ಸಾಹನಿಯವರು ಶಾಂತಿನಿಕೇತನದಲ್ಲಿ ಅಧ್ಯಾಪಕರಾಗಿದ್ದಾಗ, ನೀನು ನಿನ್ನ ತಾಯ್ನುಡಿಯಲ್ಲೇಕೆ ಬರೆಯುವುದಿಲ್ಲವೆಂದು ರವೀಂದ್ರರು ಕೇಳಿದರೆಂದೂ, ಆ ಪ್ರಶ್ನೆ ಬಹುಕಾಲ ತಮ್ಮನ್ನು ಚುಚ್ಚುತ್ತಿತ್ತೆಂದೂ ಸಾಹನಿಯವರೇ ಹೇಳಿಕೊಂಡಿದ್ದಾರೆ.

ಪಂಜಾಬಿಗಳನ್ನು ಪಂಜಾಬಿ ನಾಟಕಕ್ಕೆ ಎಳೆದು ತಂದವಳು ಒಬ್ಬ ಐರಿಷ್ ಹೆಂಗಸು ಎಂಬುದು ಚರಿತ್ರೆಯ ವಿನೋದಗಳಲ್ಲೊಂದು. ನೋರಾ ರಿಚರ್ಡ್ಸ್ ಎಂಬ ಈ ಮಹಿಳೆ ೧೮೭೬ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವಳು, ರಂಗನಟಿಯಾಗಿದ್ದವಳು. ೧೯೧೧ರಲ್ಲಿ ಆಕೆಯ ಗಂಡನು ಲಾಹೋರಿನ ದಯಾಳಸಿಂಗ್ ಕಾಲೇಜಿಗೆ ಇಂಗ್ಲೀಷು ಪ್ರಾಧ್ಯಾಪಕನಾಗಿ ಬಂದನು. ಜೊತೆಗೆ ಆಕೆಯೂ ಬಂದಳು. ಆಕೆಯ ತಾಯ್ನಾಡಿನಲ್ಲಿ ಆಗತಾನೆ ಯೇಟ್ಸ್, ಲೇಡಿ ಗ್ರೆಗರಿ, ಸಿಂಜ್ ಇವರು ಸೇರಿ, ಹಳ್ಳಿಯ ಬಡವರ ಬಾಳನ್ನು ರಂಗಕ್ಕೆ ತಂದಿದ್ದರು. ಡಬ್ಲಿನ್ನಿನ ಆಬೀ ನಾಟಕಶಾಲೆ ತೆರೆದದ್ದು ೧೯೦೪ರಲ್ಲಿ. ಲಾಹೋರಿನ ವಿದ್ಯಾರ್ಥಿಗಳು ಷೇಕ್ಸ್‌ಪಿಯರನ ಭಾಷಣಗಳನ್ನು ಉರುಹೊಡೆದು ಒಪ್ಪಿಸುತ್ತಿದ್ದುದನ್ನು ಕಂಡು ಆಕೆಗೆ ಬೇಸರವಾಯಿತು. ನಿಮ್ಮ ಊರಿನ ಜನರನ್ನು ಕುರಿತು, ನಿಮ್ಮ ಭಾಷೆಯಲ್ಲಿ, ನೀವೇ ಬರೆದು ಆಡಿರಿ ಎಂದು ಆಕೆ ಏಕಾಂಕಗಳ ಸ್ಪರ್ಧೆ ಇಟ್ಟಳು.

ಈ ಮಾತನ್ನು ಓದಿದಾಗ ಕನ್ನಡಿಗನಿಗೆ ಇನ್ನೊಂದು ದೃಶ್ಯ ಕಣ್ಣಿಗೆ ಕಟ್ಟದೆ ಇರಲಾರದು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ಮಲೆನಾಡಿನ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲೀಷು ಕವಿತೆಗಳನ್ನು ಹೊತ್ತು ಅವರ ಬಳಿಗೆ ಹೋದನು. ಕನ್ನಡದಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದ ಆ ಹಿರಿಯರು, ಪರಭಾಷೆಯಲ್ಲಿ ಶ್ರಮಪಡುವುದಕ್ಕಿಂತ ನಿನ್ನ ನುಡಿಯಲ್ಲಿಯೇ ಬರೆ ಎಂದು ಬುದ್ಧಿ ಹೇಳಿದರು. ಕುವೆಂಪು ಎಂಬ ಹೆಸರಿನ ಹಿಂದೆ ಆ ಭೇಟಿಯೂ ಇದೆ. ಕಸಿನ್ಸರೂ ಡಬ್ಲಿನ್ನಿನ ಆ ನಾಟಕ ಚಳವಳಿಯ ಬಳಗದಲ್ಲಿ ಓಡಾಡಿದವರೇ. ಇಂಗ್ಲೀಷರ ಆಳ್ವಿಕೆಯಲ್ಲಿ ತಮ್ಮ ಭಾಷೆಯನ್ನು ಬಹುಪಾಲು ಕಳೆದುಕೊಂಡಿದ್ದ ಆ ಪುಟ್ಟ ದ್ವೀಪದವರಿಗೆ, ಕಳೆದುಕೊಳ್ಳುವುದೆಂದರೇನೆಂಬುದು ನಮಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

ನೋರಾ ರಿಚರ್ಡ್ಸಳ ಸ್ಪರ್ಧೆಯಲ್ಲಿ ೧೯೧೩–೧೪ರ ಸುಮಾರಿಗೆ ಬಹುಮಾನ ಪಡೆದ ಏಕಾಂಕ ‘ದುಲ್ಹನ್’, ಎಂದರೆ ಮದುಮಗಳು. ಬರೆದವರು ಗುರುದಾಸಪುರ ಜಿಲ್ಲೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿ ಈಶ್ವರಚಂದ್ರ ನಂದಾ. ಆಧುನಿಕ ಪಂಜಾಬಿ ನಾಟಕದ ಇತಿಹಾಸ ಅಲ್ಲಿಂದ ಮೊದಲಾಗುತ್ತದೆ. ಮುಂದೆ ಇವರೇ ‘ಸುಭದ್ರಾ’ ಎಂಬ ನಾಟಕದಲ್ಲಿ ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿಕೊಂಡರು. ನಮ್ಮ ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯನ್ನು ರಂಗಕ್ಕೆ ತಂದದ್ದು ೧೯೧೮ರಲ್ಲಿ. ಇಬ್ಬರೂ ಪುರಾಣದ ರಾಜರನ್ನು ಕೆಳಗಿಳಿಸಿ ಮನೆಯ ನಡುಮನೆಯನ್ನೇ ರಂಗವಾಗಿಸಿದರು. ಇಬ್ಬರೂ ಗ್ರಂಥದ ಭಾಷೆಯನ್ನು ಬಿಟ್ಟು ಆಡುವ ಭಾಷೆಯನ್ನು ಹಿಡಿದರು. ಇಬ್ಬರೂ ನಗಿಸುತ್ತ ಚುಚ್ಚಿದರು. ಕೈಲಾಸಂ ಅವರಷ್ಟು ಪ್ರತಿಭೆ ನಂದಾ ಅವರಲ್ಲಿತ್ತೆಂದು ನಾನು ಹೇಳಲಾರೆ. ಆದರೆ ಕೈಲಾಸಂ ಅವರಿಗೆ ಹಿಂದೆ ವೃತ್ತಿಕಂಪೆನಿಗಳ ದೊಡ್ಡ ರಂಗಭೂಮಿಯೊಂದು ಇತ್ತು, ತಿರುಗಿಬೀಳುವುದಕ್ಕಾದರೂ ಒಂದು ಗೋಡೆಯಿತ್ತು. ನಂದಾ ಅವರ ಬೆನ್ನ ಹಿಂದೆ ಹಳ್ಳಿಯ ನಕಲಿಗಳೂ ರಾಮಲೀಲೆಯೂ ಇದ್ದವೇ ಹೊರತು ಪಂಜಾಬಿಯಲ್ಲಿ ಬರೆದ ನಾಟಕಗಳ ಪರಂಪರೆಯಿರಲಿಲ್ಲ.

ನಂದಾ ಬಿತ್ತಿದ್ದು ಬೆಳೆದು ನಿಂತದ್ದು ಬಲವಂತ ಗಾರ್ಗಿಯವರಲ್ಲಿ. ಗಾರ್ಗಿಯವರು ಹುಟ್ಟಿದ್ದು ೧೯೧೬ರ ಡಿಸೆಂಬರ್ ೪ರಂದು, ಬಠಿಂಡಾ ಸೀಮೆಯಲ್ಲಿ. ಪಂಜಾಬು ಎಂದೊಡನೆ ಐದು ನದಿಗಳೂ ಹಸಿರು ಗೋಧಿಯೂ ನಮ್ಮ ಕಣ್ಣಿಗೆ ಬರುತ್ತವೆ. ಆದರೆ ಮಾಲ್ವಾ ಎಂದು ಕರೆಯುವ ಆ ತೆಂಕಣ ಭಾಗ ಆ ಕಾಲಕ್ಕೆ ಮರಳುದಿಬ್ಬಗಳ, ಮುಳ್ಳುಕಂಟಿಗಳ ಒಣ ನೆಲ. ನಮ್ಮ ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯ ಪಂಜಾಬಿಯೂ ನೆಲದ ಹಾಗೆಯೇ ಒರಟು. ಈ ಒರಟು ಮಾತೇ ಮುಂದೆ ಅವರ ಬಂಡವಾಳವಾಯಿತು. ಲಾಹೋರಿನ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ ಇಂಗ್ಲೀಷು ಸಾಹಿತ್ಯದಲ್ಲಿ ಎಂ. ಎ. ಪದವಿ ಪಡೆದರು. ಅಷ್ಟರಲ್ಲಿ ನೋರಾ ರಿಚರ್ಡ್ಸ್ ಲಾಹೋರನ್ನು ಬಿಟ್ಟಿದ್ದಳು. ೧೯೨೦ರಲ್ಲಿ ಗಂಡ ತೀರಿಕೊಂಡ ಮೇಲೆ ಸ್ವದೇಶಕ್ಕೆ ಹೋದವಳು, ಅಲ್ಲಿ ಇರಲಾರದೆ ನಾಲ್ಕು ವರ್ಷಗಳಲ್ಲಿ ತಿರುಗಿ ಬಂದು, ಕಾಂಗಡಾ ಕಣಿವೆಯ ಅಂದ್ರೆಟಾ ಎಂಬ ಹಳ್ಳಿಯಲ್ಲಿ ಮಣ್ಣಿನ ಮನೆ ಕಟ್ಟಿಕೊಂಡು, ಬಯಲು ರಂಗವೊಂದನ್ನು ನಿರ್ಮಿಸಿ, ಹಳ್ಳಿಯವರಿಂದಲೇ ನಾಟಕ ಆಡಿಸುತ್ತಿದ್ದಳು. ಗಾರ್ಗಿಯವರು ಅಲ್ಲಿಗೆ ಹೋಗಿ ಆಕೆಯ ಬಳಿ ರಂಗಶಿಕ್ಷಣ ಪಡೆದರು. ಆ ತಾಯಿ ೧೯೭೧ರಲ್ಲಿ ತೊಂಬತ್ತನ್ನು ದಾಟಿ ಅದೇ ಹಳ್ಳಿಯಲ್ಲಿ ತೀರಿಕೊಂಡಳು. ಅದಕ್ಕೆ ಹಿಂದಿನ ವರ್ಷ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ ಆಕೆಗೆ ಡಾಕ್ಟರೇಟ್ ಪದವಿ ಕೊಟ್ಟು ಋಣ ತೀರಿಸಿಕೊಂಡಿತು.

೧೯೪೪ರಲ್ಲಿ ಗಾರ್ಗಿಯವರ ‘ಲೋಹಾ ಕುಟ್ಟ್’ ಪ್ರಕಟವಾಯಿತು. ಕಬ್ಬಿಣ ಕುಟ್ಟುವವನು, ಅಂದರೆ ಕಮ್ಮಾರ, ಎಂದರ್ಥ. ಕುಟ್ಟುವುದೆಂದರೆ ಏನೆಂದು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲವಷ್ಟೆ. ಕಾಕು ಎಂಬ ಕಮ್ಮಾರ. ಸಂತಿ ಎಂಬ ಅವನ ಹೆಂಡತಿ. ಬೈನೋ ಎಂಬ ಮಗಳು. ಕಾಕುವಿನ ಬಾಳೆಲ್ಲ ಕುಲುಮೆ, ತಿದಿ, ಸುತ್ತಿಗೆ. ದುಷ್ಟನೆಂದಲ್ಲ, ಕಾದ ಕಬ್ಬಿಣವನ್ನು ಬಡಿದೂ ಬಡಿದೂ ತನ್ನ ಎದೆಯೂ ಅಡಿಗಲ್ಲಾಗಿ ಹೋದವನು. ಸಂತಿಗೆ ಮದುವೆಗೆ ಮುಂಚೆ ಬೇರೊಬ್ಬನಲ್ಲಿ ಮನಸ್ಸಿತ್ತು. ಅದನ್ನು ನುಂಗಿಕೊಂಡು ಹದಿನೆಂಟಿಪ್ಪತ್ತು ವರ್ಷ ರೊಟ್ಟಿ ಬಡಿದಿದ್ದಾಳೆ. ಪ್ರಾಯಕ್ಕೆ ಬಂದ ಮಗಳು ಬೈನೋ ತಂದೆಯ ಇಚ್ಛೆಗೆ ವಿರುದ್ಧವಾಗಿ, ತಾನು ಮೆಚ್ಚಿದವನೊಡನೆ ಓಡಿಹೋಗುತ್ತಾಳೆ. ಇಲ್ಲಿಗೆ ನಿಂತಿದ್ದರೆ ಇದು ನೂರರಲ್ಲಿ ಒಂದು ಕಥೆ. ಆದರೆ ಮಗಳು ದಾಟಿದ ಹೊಸ್ತಿಲನ್ನು ನೋಡುತ್ತ ನಿಂತ ತಾಯಿಗೆ ತನ್ನ ಹೂತುಹೋದ ಆಸೆ ಎದ್ದು ಕೂಡುತ್ತದೆ. ಮಗಳನ್ನು ಶಪಿಸುವ ಬದಲು ಆಕೆಯೂ ಗಂಡನ ಮನೆಯನ್ನು ಬಿಟ್ಟು ಆ ಹಳೆಯ ಪ್ರಿಯನಲ್ಲಿಗೆ ನಡೆದುಬಿಡುತ್ತಾಳೆ. ಕುಲುಮೆಯ ಎದುರು ಕಮ್ಮಾರನೊಬ್ಬನೇ ಉಳಿಯುತ್ತಾನೆ.

ಇದನ್ನು ಓದಿದ ಪಂಜಾಬಿನ ಸಭ್ಯರು ಕೆರಳಿದರು. ಮಗಳು ಓಡಿಹೋಗುವ ಕಥೆ ಅವರಿಗೆ ಹೊಸದಲ್ಲ. ಹೀರಳ ಪ್ರೇಮವನ್ನು ಹಾಡಿಕೊಂಡು ಕಣ್ಣೀರು ಸುರಿಸಿದ ನಾಡೇ ಅದು. ಮದುವೆಯಾಗಿ ಮಕ್ಕಳನ್ನು ಹೆತ್ತ ತಾಯಿ ಹೋಗುವುದೆಂದರೆ? ಇಬ್ಸೆನನ ನೋರಾ ಬಾಗಿಲನ್ನು ಮುಚ್ಚಿಕೊಂಡು ಹೋದಾಗ ಯುರೋಪು ಬೆಚ್ಚಿತೆಂದು ನಾವು ಕೇಳಿದ್ದೇವೆ. ಆದರೆ ಆಕೆ ಓದು ಬಲ್ಲ ಗೃಹಿಣಿ, ಗಂಡನೊಡನೆ ಕುಳಿತು ತರ್ಕಿಸುತ್ತಾಳೆ. ಸಂತಿಗೆ ತರ್ಕವಿಲ್ಲ, ಓದಿಲ್ಲ, ಹಕ್ಕೆಂಬ ಮಾತೇ ಗೊತ್ತಿಲ್ಲ. ಕುಲುಮೆಯ ಮನೆಯ ಮಾತಿನಲ್ಲಿಯೇ, ಬೆಂಕಿ ಬೂದಿ ಕಬ್ಬಿಣಗಳ ಲೋಕದಲ್ಲಿಯೇ, ತನ್ನೊಳಗೆ ಏನಾಯಿತೆಂಬುದನ್ನು ಆಕೆ ಹೇಳಬೇಕು. ಗಾರ್ಗಿಯವರ ಹಿರಿಮೆಯೆಲ್ಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಆಳಿನ ಮಾತೆಂದು ಪಡಸಾಲೆಯಿಂದ ಹೊರಗಿಟ್ಟಿದ್ದ ಭಾಷೆಯಲ್ಲಿ, ಗ್ರೀಕರ ದುರಂತಕ್ಕೆ ಸಾಲುವಷ್ಟು ಕಾವು ಇದೆಯೆಂಬುದನ್ನು ಅವರು ವಾದಿಸಿ ಹೇಳಲಿಲ್ಲ. ಸಂತಿಯ ಬಾಯಲ್ಲಿ ಆಡಿಸಿ ತೋರಿಸಿದರು. ಮುಂದಿನ ಮುದ್ರಣದಲ್ಲಿ ನಾಟಕವನ್ನು ತಿದ್ದಿ ಅದರ ಮಾತನ್ನು ಇನ್ನಷ್ಟು ಕಾವ್ಯದ ಕಡೆಗೆ ಒಯ್ದರು. ಸಿಂಜ್ ಮತ್ತು ಸ್ಪೇಯ್ನಿನ ಲೋರ್ಕಾ ಇವರಿಬ್ಬರನ್ನೂ ಓದಿದ ಫಲ ಅದೆಂದು ವಿಮರ್ಶಕರು ಹೇಳುವರು.

ನಾಟಕ ಅಚ್ಚಾಗಿ ಮೂರು ವರ್ಷಕ್ಕೆ ದೇಶ ಒಡೆಯಿತು. ಪಂಜಾಬು ನಡುವೆ ಸೀಳಿತು. ಲಾಹೋರು ಗಡಿಯ ಆಚೆಗೆ ಉಳಿಯಿತು. ಇದು ರಾಜಕೀಯದ ಚರಿತ್ರೆಯಲ್ಲಿ ಎಲ್ಲರೂ ಓದುವ ವಿಷಯ. ನಾಟಕದ ಚರಿತ್ರೆಯಲ್ಲಿ ಅದರ ಅರ್ಥವೇನೆಂಬುದನ್ನು ಸ್ವಲ್ಪ ಯೋಚಿಸಬೇಕು. ಕವಿಯು ಊರು ಬಿಟ್ಟರೆ ಕವಿತೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ನಾಟಕಕಾರನು ಏನನ್ನು ಹೊತ್ತೊಯ್ಯಬೇಕು? ರಂಗಮಂದಿರವನ್ನೋ, ನಟರನ್ನೋ, ಟಿಕೆಟ್ಟು ಕೊಂಡು ಬಂದು ಕೂಡುತ್ತಿದ್ದ ಜನರನ್ನೋ? ಲಾಹೋರಿನ ಕಾಲೇಜುಗಳು, ಮುದ್ರಣಾಲಯಗಳು, ರೇಡಿಯೋ ಕೇಂದ್ರ, ಕಾಫಿಯ ಅಂಗಡಿ, ಎಲ್ಲ ಅಲ್ಲಿಯೇ ಉಳಿದವು. ನೋರಾಳ ಸ್ಪರ್ಧೆ ನಡೆದ ದಯಾಳಸಿಂಗ್ ಕಾಲೇಜಿನ ಹೆಸರಿನಲ್ಲಿ ಕರ್ನಾಲಿನಲ್ಲೊಂದು, ದೆಹಲಿಯಲ್ಲೊಂದು ಕಾಲೇಜು ಎದ್ದವು. ಊರನ್ನು ತರಲಾರದವರು ಹೆಸರನ್ನು ತಂದರು. ಭಾಷೆಯೂ ಎರಡು ಲಿಪಿಗಳಲ್ಲಿ ಹರಿದು, ಆಚೆ ಪಾರಸಿ ಅಕ್ಷರ, ಈಚೆ ಗುರುಮುಖಿಯಾಯಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳಿದರೆ ಅರ್ಥವಾಗುತ್ತದೆ, ಕೈಗೆ ಕೊಟ್ಟರೆ ಓದಲು ಬರುವುದಿಲ್ಲ. ಇಂಥ ಭಾಷೆಗೆ ನಾಟಕಕ್ಕಿಂತ ಹೆಚ್ಚಿನ ಅವಶ್ಯಕತೆ ಇನ್ನಾವುದಿದ್ದೀತು!

ನಮಗಾದದ್ದನ್ನು ಅವರಿಗಾದದ್ದರೊಡನೆ ಹೋಲಿಸುವುದು ತಪ್ಪಾದೀತು. ೧೯೫೬ರಲ್ಲಿ ಇಲ್ಲಿ ರಕ್ತ ಹರಿಯಲಿಲ್ಲ, ಯಾರೂ ಮನೆಮಠ ಬಿಟ್ಟು ಓಡಲಿಲ್ಲ; ಬೀದರಿಗೆ ಸಂಜೆಯ ಬಸ್ಸು ಮರುದಿನವೂ ಇತ್ತು. ಅವರು ನಗರವನ್ನು ಕಳೆದುಕೊಂಡರು, ನಮಗೆ ನಗರ ಉಳಿಯಿತು, ಹಿನ್ನೆಲದ ಹಳ್ಳಿಗಳು ಬೇರೆಯಾದವು. ಆದರೂ ನಾಟಕಕ್ಕೆ ಜನ ಕೂಡಿಸುವವನಿಗೆ ಈ ಎರಡು ಕಷ್ಟಗಳ ನಡುವೆ ಇರುವ ನಂಟು ತಿಳಿಯದಿರದು.

ವಿಭಜನೆಯ ಹಿಂದುಮುಂದಿನ ವರ್ಷಗಳಲ್ಲಿ ಗಾರ್ಗಿಯವರು ಎಡಪಂಥದ ರಂಗ ಚಳವಳಿಗೆ ಹತ್ತಿರವಾಗಿದ್ದರು. ಜಮೀನ್ದಾರಿ, ಜಾಗತಿಕ ಶಾಂತಿ ಇತ್ಯಾದಿ ವಿಷಯಗಳ ಮೇಲೆ ನಾಟಕಗಳನ್ನು ಬರೆದರು. ‘ಘುಗ್ಗಿ’, ಅಂದರೆ ಪಾರಿವಾಳ, ಆ ಕಾಲದ್ದು. ಉದ್ದೇಶ ಒಳ್ಳೆಯದೇ, ಆದರೆ ಸಂತಿಯನ್ನು ಸೃಷ್ಟಿಸಿದ ಕೈ ಘೋಷಣೆಗಳನ್ನು ಬರೆದಾಗ ಕುಲುಮೆಯ ಕಾವು ಆರಿಹೋದಂತೆ ತೋರುತ್ತದೆ. ಅದೃಷ್ಟವಶಾತ್ ಅವರು ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಗೋಧಿಯ ತೆನೆ ಎಂಬ ಅರ್ಥದ ‘ಕಣಕ್ ದೀ ಬಲ್ಲಿ’ಯಲ್ಲಿ ತಿರುಗಿ ಹಳ್ಳಿಯ ಹೆಣ್ಣಿನ ಬಾಳಿಗೆ, ಲೋರ್ಕಾನ ಛಾಯೆಗೆ, ಬಂದರು.

ಆದರೆ ಕನ್ನಡಿಗರು ಗಾರ್ಗಿಯವರನ್ನು ಬೇರೊಂದು ಕಾರಣಕ್ಕಾಗಿಯೂ ನೆನೆಯಬೇಕಾಗಿದೆ. ೧೯೬೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದದ್ದು ಯಾವ ನಾಟಕಕ್ಕೂ ಅಲ್ಲ. ‘ರಂಗಮಂಚ್’ ಎಂಬ, ಭಾರತೀಯ ರಂಗಭೂಮಿಯನ್ನು ಕುರಿತ ಗ್ರಂಥಕ್ಕೆ. ಅದಕ್ಕೆ ಮೂರು ವರ್ಷ ಮೊದಲು, ೧೯೫೯ರ ಪ್ರಶಸ್ತಿ, ಕನ್ನಡದಲ್ಲಿ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ ಬಂದಿತ್ತು. ಒಬ್ಬರು ಕಾದಂಬರಿಕಾರರು, ಒಬ್ಬರು ನಾಟಕಕಾರರು. ಇಬ್ಬರಿಗೂ ತಮ್ಮ ಸೃಷ್ಟಿಯಷ್ಟೇ ಜನಪದರ ಆಟವನ್ನು ಅರಿಯುವುದೂ ಮುಖ್ಯವೆನ್ನಿಸಿತು. ತರುವಾಯ ಗಾರ್ಗಿಯವರು ಅಮೆರಿಕೆಗೆ ಹೋಗಿ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ನಾಟಕವನ್ನು ಬೋಧಿಸಿದರು. ಅಲ್ಲಿಯ ಮುದ್ರಣಾಲಯದಿಂದ ೧೯೬೬ರಲ್ಲಿ ಭಾರತದ ಜನಪದ ರಂಗಭೂಮಿಯನ್ನು ಕುರಿತ ಅವರ ಇಂಗ್ಲೀಷು ಗ್ರಂಥ ಹೊರಬಂತು. ಬಂಗಾಳದ ಜಾತ್ರಾ, ಉತ್ತರದ ನೌಟಂಕಿ, ಗುಜರಾತಿನ ಭವಾಯಿ, ಮಹಾರಾಷ್ಟ್ರದ ತಮಾಷಾ, ರಾಮಲೀಲೆ, ರಾಸಲೀಲೆ, ತಮಿಳಿನ ತೆರುಕೂತ್ತು ಇವುಗಳ ಸಾಲಿನಲ್ಲಿ ನಮ್ಮ ಯಕ್ಷಗಾನಕ್ಕೂ ಒಂದು ಅಧ್ಯಾಯವಿದೆ.

ಯಕ್ಷಗಾನವು ಪಂಜಾಬಿನ ನಾಟಕಕಾರನಿಗೆ ಏನನ್ನು ಹೇಳಿಕೊಟ್ಟೀತು? ಒಂದೆರಡು ಮಾತುಗಳನ್ನು ಊಹಿಸಬಹುದು. ಭಾಗವತನ ಕೈಯಲ್ಲಿರುವ ಪ್ರಸಂಗದ ಪುಸ್ತಕದಲ್ಲಿ ಹಾಡುಗಳಷ್ಟೇ ಇರುತ್ತವೆ. ಮಾತನ್ನು ವೇಷಧಾರಿಯು ಅಂದಂದಿನ ಸ್ಫೂರ್ತಿಯಿಂದ ಆಡುತ್ತಾನೆ. ಅಂದರೆ ಬರೆದ ಗ್ರಂಥವು ನಾಟಕದ ಅರ್ಧ. ಉಳಿದರ್ಧ ಜನರ ನಾಲಗೆಯ ಮೇಲೆ. ಎದುರಿಗೆ ಕುಳಿತ ಊರಿನವರ ಮಾತಿನ ವರಸೆಯೇ ಕರ್ಣನ ಬಾಯಲ್ಲಿಯೂ ಕೌರವನ ಬಾಯಲ್ಲಿಯೂ ಬರುತ್ತದೆ. ಚೆಂಡೆಯ ಪೆಟ್ಟಿಗೆ ಬಣ್ಣದ ವೇಷ ತೆರೆಯ ಹಿಂದಿನಿಂದ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಳ್ಳುವಾಗ ಅದಕ್ಕೆ ಬೇಕಾದದ್ದು ಇಬ್ಬರು ಹಿಡಿದ ಒಂದು ಬಟ್ಟೆ, ಗದ್ದೆಯ ಬಯಲು, ಒಂದು ದೀಪ. ಲಾಹೋರಿನ ರಂಗಮಂದಿರಗಳನ್ನು ಕಳೆದುಕೊಂಡ ಭಾಷೆಯ ಲೇಖಕನು ಇಂಥದೊಂದು ಆಟವನ್ನು ಕಂಡು ಸಮಾಧಾನಪಟ್ಟಿದ್ದರೆ ಆಶ್ಚರ್ಯವಿಲ್ಲ.

೧೯೬೬ರ ನವೆಂಬರಿನಲ್ಲಿ ಪಂಜಾಬಿ ರಾಜ್ಯವಾಯಿತು. ಆದರೆ ರಾಜಧಾನಿ ಚಂಡೀಗಢವು ಪಂಜಾಬಿಗೂ ಹರಿಯಾಣಕ್ಕೂ ಸಮಾನವಾಗಿ, ಕೇಂದ್ರದ ಆಡಳಿತಕ್ಕೆ ಸೇರಿ, ಯಾರದೂ ಆಗದೆ ಇಬ್ಬರದೂ ಆಗಿ ಉಳಿಯಿತು. ೨೦೧೪ರಿಂದ ೨೦೨೪ರವರೆಗೆ ಹತ್ತು ವರ್ಷ ಎರಡು ರಾಜ್ಯಗಳ ರಾಜಧಾನಿಯಾಗಿದ್ದ ಊರಿನಲ್ಲಿ ಬಾಳಿದ ನಮಗೆ ಇದು ವಿಚಿತ್ರವೆನ್ನಿಸದು. ಆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ರಂಗಭೂಮಿಯ ವಿಭಾಗವನ್ನು ಕಟ್ಟಿ ಅದರ ಮೊದಲ ಮುಖ್ಯಸ್ಥರಾದವರು ಗಾರ್ಗಿ. ಲಾಹೋರಿನಲ್ಲಿ ಒಬ್ಬ ಪ್ರಾಧ್ಯಾಪಕನ ಹೆಂಡತಿ ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದ ಕೆಲಸ ಆರು ದಶಕಗಳ ಮೇಲೆ ವಿಶ್ವವಿದ್ಯಾಲಯದ ಪಾಠವಾಯಿತು. ಅನುಪಮ ಖೇರ್ ಮೊದಲಾದ ನಟರು ಅಲ್ಲಿ ಕಲಿತವರು. ೧೯೭೨ರಲ್ಲಿ ಗಾರ್ಗಿಯವರಿಗೆ ಪದ್ಮಶ್ರೀ ಬಂತು.

ಆ ದಶಕದಲ್ಲಿಯೇ ದೆಹಲಿಯ ಹಳೆಯ ಕೋಟೆಯ ಪಾಳುಗೋಡೆಗಳ ನಡುವೆ ಇಬ್ರಾಹಿಂ ಅಲ್ಕಾಜಿಯವರು ಆಡಿಸಿದ ದೊಡ್ಡ ನಾಟಕಗಳಲ್ಲಿ ಗಾರ್ಗಿಯವರ ‘ಸುಲ್ತಾನ್ ರಜಿಯಾ’ ಒಂದು, ಗಿರೀಶ ಕಾರ್ನಾಡರ ‘ತುಘಲಕ್’ ಇನ್ನೊಂದು. ೧೨೩೬ರಿಂದ ೧೨೪೦ರವರೆಗೆ ದೆಹಲಿಯನ್ನು ಆಳಿದ ರಾಣಿಯನ್ನು ಪಂಜಾಬಿಯೊಬ್ಬನೂ, ದೆಹಲಿಯನ್ನು ಬಿಟ್ಟು ದೌಲತಾಬಾದಿಗೆ ನಡೆದ ದೊರೆಯನ್ನು ಕನ್ನಡಿಗನೊಬ್ಬನೂ ಆ ದೆಹಲಿಗೇ ಹಿಂದಕ್ಕೆ ಕರೆತಂದರು. (ಆ ದೌಲತಾಬಾದು ೧೯೫೬ರವರೆಗೆ ನಮ್ಮ ಹೈದರಾಬಾದು ಸಂಸ್ಥಾನಕ್ಕೇ ಸೇರಿತ್ತೆಂಬುದನ್ನು ಹಿರಿಯರು ಮರೆತಿರಲಾರರು.) ಎರಡನ್ನೂ ಪಕ್ಕದಲ್ಲಿಟ್ಟು ತೂಗಿದರೆ ‘ತುಘಲಕ್’ನ ತೂಕವೇ ಹೆಚ್ಚೆಂದು ಕಾಣುವುದು ನನ್ನ ಕನ್ನಡಾಭಿಮಾನದಿಂದಷ್ಟೇ ಅಲ್ಲ. ಆದರೆ ಕಾರ್ನಾಡರಲ್ಲಿ ‘ಲೋಹಾ ಕುಟ್ಟ್’ನ ಕುಲುಮೆ ಇಲ್ಲ, ಅದು ಗಾರ್ಗಿಯವರಿಗೇ ಮೀಸಲು.

ಅವರ ಗದ್ಯದ ಸಂಗತಿ ಬೇರೆ. ಗೆಳೆಯರನ್ನೂ ಸಮಕಾಲೀನರನ್ನೂ ಕುರಿತು ಬರೆದ ವ್ಯಕ್ತಿಚಿತ್ರಗಳು ಪಂಜಾಬಿಯಲ್ಲಿ ಮನೆಮಾತು, ಮುಲಾಜಿಲ್ಲದ ಬರವಣಿಗೆ. ೧೯೭೯ರಲ್ಲಿ ತಮ್ಮ ದಾಂಪತ್ಯ ಮುರಿದ ಕಥೆಯನ್ನೇ ಆತ್ಮಕಥೆಯ ರೂಪದ ಇಂಗ್ಲೀಷು ಕಾದಂಬರಿಯಾಗಿ ಬರೆದು ಪ್ರಕಟಿಸಿದರು. ನಾಟಕಗಳನ್ನು ಓದದವರೂ ಅದನ್ನು ಓದಿದರು. ಸಂತಿಯ ಗುಟ್ಟನ್ನು ಅಷ್ಟು ಮರ್ಯಾದೆಯಿಂದ ರಂಗಕ್ಕೆ ತಂದವರು ತಮ್ಮ ಮನೆಯ ಗುಟ್ಟನ್ನು ಹೀಗೆ ಬೀದಿಗೆ ತಂದದ್ದೇಕೆಂಬುದು ನನಗೆ ಬಗ್ಗದ ಪ್ರಶ್ನೆ. ೧೯೯೮ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು. ಕೊನೆಗಾಲದಲ್ಲಿ ನೆನಪು ಅಳಿಯುವ ವ್ಯಾಧಿ ಅವರನ್ನು ಹಿಡಿಯಿತು. ೨೦೦೩ರ ಏಪ್ರಿಲ್ ೨೨ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

ಅವರು ನೆಲೆಯೂರಿಸಿದ ಚಂಡೀಗಢದ ರಂಗಭೂಮಿಯಲ್ಲಿ ತರುವಾಯ ನಡೆದ ಒಂದು ಸಂಗತಿ ನಮಗೆ ಸಂತೋಷ ತರುವಂಥದು. ಅಲ್ಲಿ ತಮ್ಮ ನಾಟಕ ತಂಡವನ್ನು ಕಟ್ಟಿದ ನೀಲಂ ಮಾನಸಿಂಗ್ ಚೌಧರಿಯವರು ಅದಕ್ಕೆ ಮೊದಲು ಭೋಪಾಲದಲ್ಲಿ ನಮ್ಮ ಬಿ. ವಿ. ಕಾರಂತರೊಡನೆ ಕೆಲಸ ಮಾಡಿದವರು; ಆಕೆಯ ಪಂಜಾಬಿ ನಾಟಕಗಳಿಗೆ ಕಾರಂತರೇ ಸಂಗೀತ ಕೊಟ್ಟರು. ಗುಬ್ಬಿ ಕಂಪೆನಿಯಲ್ಲಿ ಬಾಲನಟನಾಗಿ ಬೆಳೆದ ಕನ್ನಡಿಗನ ಲಯಕ್ಕೆ ಪಂಜಾಬಿನ ನಕಲಿಗಳು ಹೆಜ್ಜೆಹಾಕಿದರು. ಕಾರ್ನಾಡರ ‘ನಾಗಮಂಡಲ’ವನ್ನು ಕವಿ ಸುರಜಿತ ಪಾತರರು ಪಂಜಾಬಿಗೆ ತಂದರು, ಚೌಧರಿಯವರು ಆಡಿಸಿದರು. ನಮ್ಮ ಕಡೆಯ ಅಜ್ಜಿಯರು ದೀಪದ ಬೆಳಕಿನಲ್ಲಿ ಹೇಳುತ್ತಿದ್ದ ಕಥೆಯ ರಾಣಿ ಅಲ್ಲಿ ಪಂಜಾಬಿ ಮಾತಾಡಿದಳು.

ನಮ್ಮ ಹೆಣ್ಣು ಅಲ್ಲಿಗೆ ಹೋಗಿ ಬಂದ ಮೇಲೆ ಅಲ್ಲಿಯ ಸಂತಿಯನ್ನು ನಾವು ಕರೆಸಿಕೊಳ್ಳಬೇಡವೇ? ಸಂಘದ ನಾಟಕ ಸಮಿತಿಯ ಮುಂದೆ ನಾನೊಂದು ಸೂಚನೆಯನ್ನು ಇಡುತ್ತೇನೆ. ಬರುವ ವರ್ಷ ಬೆಂಗಳೂರಿನಿಂದಲೋ ಧಾರವಾಡದಿಂದಲೋ ತಂಡವನ್ನು ಕರೆಸುವುದಕ್ಕೆ ಮುಂಚೆ, ‘ಲೋಹಾ ಕುಟ್ಟ್’ನ್ನು ನಮ್ಮ ತರುಣರು ಕೈಗೆತ್ತಿಕೊಳ್ಳಲಿ. ಗ್ರಾಂಥಿಕ ಕನ್ನಡ ಬೇಡ, ಮೈಸೂರಿನ ಕನ್ನಡವೂ ಬೇಡ; ರಾಯಚೂರು, ಕಲಬುರ್ಗಿಗಳ ಕಡೆಯ ಮಾತಿಗೆ ಈ ಊರಿನ ಉರ್ದು ತೆಲುಗುಗಳ ಬೆರಕೆ ಹತ್ತಿ, ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತೇವಲ್ಲ, ಸಭೆಯಲ್ಲಿ ಎದ್ದು ನಿಂತಾಗ ಮಾತ್ರ ಮುಚ್ಚಿಡುತ್ತೇವಲ್ಲ, ಆ ಕನ್ನಡದಲ್ಲಿ ಕಾಕು ಸಂತಿಯರು ಜಗಳವಾಡಲಿ. ಪಾತ್ರಗಳು ಕೆಲವೇ, ಒಂದು ಕುಲುಮೆ, ಒಂದು ಅಂಗಳವಿದ್ದರೆ ರಂಗಸಜ್ಜಿಕೆ ಮುಗಿಯಿತು. ಮೂಲದ ಪಂಜಾಬಿಯನ್ನು ಓದಿ ಅರ್ಥ ಹೇಳುವವರನ್ನು ಹುಡುಕಿಕೊಂಡು ಲಾಹೋರಿಗೆ ಹೋಗಬೇಕಾಗಿಲ್ಲ. ಅತ್ತಾಪುರದವರೆಗೆ ಹೋದರೆ ಸಾಕು.